ವಯಸ್ಸಿನೊಡನೆ ಬದಲಾಗುವ ಅಲರ್ಜಿ

ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ ಭಾಗದಲ್ಲಿ ಮಳೆಗಾಲವಿಡೀ ಗೋಡೆ ಒಣಗದೆ ಬೂಷ್ಟು ಹಿಡಿಯುವುದೂ, ಬೆಳಗಾವಿಯ ಖಾಲಿ ನಿವೇಶನಗಳಲ್ಲಿ ಕಾಂಗ್ರೆಸ್ ಹುಲ್ಲೆಂದು ಕರೆಯುವ ಪಾರ್ಥೇನಿಯಂ ದಟ್ಟವಾಗಿ ಬೆಳೆಯುವುದೂ ಎಲ್ಲ ವಯಸ್ಸಿನವರ ಪಾಲಿಗೂ ಒಂದೇ ಆದರೂ, ದೇಹ ಅದಕ್ಕೆ ಸ್ಪಂದಿಸುವ ರೀತಿ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ನಿರುಪದ್ರವಿ ವಸ್ತುವನ್ನು ರೋಗಾಣುವೆಂಬಂತೆ ಎದುರಿಸುವ ರೋಗನಿರೋಧಕ ವ್ಯವಸ್ಥೆಯ ಅತಿರೇಕವೇ ಅಲರ್ಜಿ. ಹಸುಗೂಸುಗಳಲ್ಲಿ ಅದು ಇಸುಬಾಗಿ, ಹಾಲು ಮೊಟ್ಟೆ ಒಗ್ಗದಿರುವಿಕೆಯಾಗಿ ಕಾಣಿಸಿಕೊಂಡು, ಹೆಚ್ಚಿನವರಲ್ಲಿ ಬೆಳೆದಂತೆ ಮಾಯವಾಗುತ್ತದೆ. ಕೆಲವರಲ್ಲಿ ಮಾತ್ರ ಮುಂದೆ ಬೂಷ್ಟು, ಧೂಳುಗಳಿಂದ ಬರುವ ಸೀನು, ಉಬ್ಬಸಗಳ ರೂಪ ತಾಳುತ್ತದೆ.

ಪಾರ್ಥೇನಿಯಂ ಚರ್ಮರೋಗದ ದಾರಿ ಬೇರೆ. ಭಾರತದಲ್ಲಿ 1950ರ ದಶಕದಲ್ಲಿ ಪುಣೆಯ ಬಳಿ ಗಮನಕ್ಕೆ ಬಂದ ಈ ಕಳೆಯಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕವನ್ನು, ಟಿ-ಕೋಶಗಳೆಂಬ ಬಿಳಿರಕ್ತಕಣಗಳು ಪದೇಪದೇ ಸಂಪರ್ಕದಿಂದ ಗುರುತಿಟ್ಟುಕೊಳ್ಳುವುದರಿಂದ, ಇದು ಮಕ್ಕಳಿಗಿಂತ ಹೊಲದಲ್ಲಿ ದುಡಿಯುವ ನಡುವಯಸ್ಸಿನವರನ್ನೇ ಹೆಚ್ಚು ಕಾಡುತ್ತದೆ. ಕಣ್ಣರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳು ಕೆಂಪಾಗಿ ತುರಿಸಿ, ಕ್ರಮೇಣ ಚರ್ಮ ದಪ್ಪಗಾಗಿ ಕಪ್ಪಿಡುತ್ತದೆ. ದುಡಿಮೆಯನ್ನೇ ಕಸಿಯಬಲ್ಲ ಈ ಕಾಯಿಲೆಯನ್ನು ಬರಿಯ ತುರಿಕೆಯೆಂದು ಕಡೆಗಣಿಸುವುದು ಅನ್ಯಾಯ.

ಟಿ-ಕೋಶಗಳನ್ನು ಪಳಗಿಸುವ, ಎದೆಗೂಡಿನೊಳಗಿನ ಥೈಮಸ್ ಗ್ರಂಥಿ ಹರೆಯದ ನಂತರ ಕುಗ್ಗುತ್ತ ಕೊಬ್ಬಾಗಿ ಮಾರ್ಪಡುವುದರಿಂದ, ಮುಪ್ಪಿನಲ್ಲಿ ಹೊಸ ಸೋಂಕನ್ನು ಎದುರಿಸುವ ಶಕ್ತಿ ಕುಂದಿ, ಫ್ಲೂ ಲಸಿಕೆಯೂ ಯುವಕರಲ್ಲಿರುವಷ್ಟು ಫಲ ಕೊಡುವುದಿಲ್ಲ. ಹಾಗೆಂದು ಅಲರ್ಜಿ ತೊಲಗಿತೆನ್ನಲಾಗದು. ಅರವತ್ತು ದಾಟಿದ ಮೇಲೆ ಮೊದಲ ಸಲ ಆಸ್ತಮಾ ಬರುವುದುಂಟು, ಮತ್ತು ನಿದ್ದೆ ತರಿಸುವ ಹಳೆಯ ಅಲರ್ಜಿ ಮಾತ್ರೆಗಳು ಹಿರಿಯರಲ್ಲಿ ಮಂಪರು, ಗೊಂದಲ, ಮೂತ್ರ ಕಟ್ಟುವಿಕೆಗಳಿಗೆ ಕಾರಣವಾಗುವುದರಿಂದ ಅವನ್ನು ವೈದ್ಯರ ಸಲಹೆಯಿಲ್ಲದೆ ಕೊಡಲಾಗದು.