ಒಂದು ಸಂಖ್ಯೆ ಬಾಯಿಬಿಡಲು 259 ವರ್ಷ

ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ಇಮ್ಮಡಿಸುತ್ತ ಹೋಗಿ ರಾಜನ ಕಣಜವೇ ಬರಿದಾದ ಕಥೆ ಎಲ್ಲರಿಗೂ ಗೊತ್ತು. ಹಾಸಿನಲ್ಲಿ 64ರ ಬದಲು 67 ಮನೆಗಳಿದ್ದರೆ ಒಟ್ಟು ಕಾಳುಗಳೆಷ್ಟು? 67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದನ್ನು ಕಳೆದರಾಯಿತು: 147573952589676412927. ಇಪ್ಪತ್ತೊಂದು ಅಂಕಿಗಳ ಈ ಸಂಖ್ಯೆಗೆ ಗಣಿತದ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ.

ಎರಡರ ಘಾತದಲ್ಲಿ ಒಂದನ್ನು ಕಳೆದಾಗ 3, 7, 31, 127 ಮುಂತಾದ ಅವಿಭಾಜ್ಯ ಸಂಖ್ಯೆಗಳು ಸಿಗುತ್ತವೆ. ಎಲ್ಲವೂ ಹಾಗಲ್ಲ. 11ನೆಯ ಘಾತದಿಂದ ಬರುವ 2047, 23 ಮತ್ತು 89ರ ಗುಣಲಬ್ಧ. ಯಾವ ಘಾತಗಳು ಅವಿಭಾಜ್ಯವನ್ನು ಕೊಡುತ್ತವೆ ಎಂದು ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಒಂದು ಪಟ್ಟಿ ಪ್ರಕಟಿಸಿದ. ಅದರಲ್ಲಿ 67 ಕೂಡ ಇತ್ತು. ಪರೀಕ್ಷಿಸಿ ನೋಡುವ ಸುಲಭದ ದಾರಿ ಆಗ ಇರಲಿಲ್ಲ.

1876ರಲ್ಲಿ ಫ್ರಾನ್ಸಿನವನೇ ಆದ ಎದುವಾರ್ ಲೂಕಾ ಆ ಮಾತು ತಪ್ಪೆಂದು ತೋರಿಸಿದ. ಸೋಜಿಗವೆಂದರೆ, ಸಂಖ್ಯೆ ಅವಿಭಾಜ್ಯವಲ್ಲ ಎಂದು ಸಾಧಿಸಿದರೂ ಅದನ್ನು ಭಾಗಿಸುವ ಸಂಖ್ಯೆ ಯಾವುದೆಂದು ಅವನಿಗೆ ತಿಳಿದಿರಲಿಲ್ಲ! ಇದು ಹೇಗೆ ಸಾಧ್ಯ? ಅವನ ವಿಧಾನದ ಸುಧಾರಿತ ರೂಪವನ್ನು 31ರ ಮೇಲೆ ಪ್ರಯೋಗಿಸಿ ನೋಡಬಹುದು. 31 ಎಂದರೆ ಎರಡರ 5ನೆಯ ಘಾತದಲ್ಲಿ ಒಂದು ಕಡಿಮೆ. 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆದರೆ 14. ಮತ್ತೆ ವರ್ಗ ಮಾಡಿ 2 ಕಳೆದರೆ 194. 31ರಿಂದ ಭಾಗಿಸಿದರೆ ಶೇಷ 8. ಮತ್ತೊಮ್ಮೆ ಹಾಗೆಯೇ ಮಾಡಿದರೆ 62. ಈಗ ಶೇಷ ಸೊನ್ನೆ. ಘಾತಕ್ಕಿಂತ ಎರಡು ಕಡಿಮೆ, ಅಂದರೆ ಮೂರು ಹೆಜ್ಜೆಗಳಲ್ಲಿ ಸೊನ್ನೆ ಬಂದದ್ದರಿಂದ 31 ಅವಿಭಾಜ್ಯ. ನಮ್ಮ ಸಂಖ್ಯೆಗೆ 65 ಹೆಜ್ಜೆ. ಕೊನೆಗೆ ಸೊನ್ನೆ ಬರುವುದಿಲ್ಲ. ಎಲ್ಲೋ ಅಪವರ್ತನಗಳಿವೆ ಎಂಬುದು ಖಚಿತ, ಎಲ್ಲಿ ಎಂಬುದು ಮಾತ್ರ ಗುಟ್ಟು.

ಆ ಗುಟ್ಟು ರಟ್ಟಾದದ್ದು 1903ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ. ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್ ಒಂದೂ ಮಾತಾಡದೆ ಕಪ್ಪುಹಲಗೆಯ ಒಂದು ಬದಿಯಲ್ಲಿ ಎರಡರ 67ನೆಯ ಘಾತವನ್ನು ಲೆಕ್ಕಹಾಕಿ ಒಂದನ್ನು ಕಳೆದರು. ಇನ್ನೊಂದು ಬದಿಯಲ್ಲಿ 193707721ನ್ನು 761838257287ರಿಂದ ಗುಣಿಸಿದರು. ಎರಡೂ ಉತ್ತರ ಒಂದೇ. ಸಭೆ ಕರತಾಡನ ಮಾಡಿತೆಂದು ಪ್ರತೀತಿ. ಇದಕ್ಕೆ ಮೂರು ವರ್ಷಗಳ ಭಾನುವಾರಗಳು ಹಿಡಿದವೆಂದು ಕೋಲ್ ಹೇಳಿದ್ದಾಗಿಯೂ ಕಥೆಯಿದೆ.

ಗುಣಿಸಲು ಕೆಲವು ನಿಮಿಷ, ಬಿಡಿಸಲು ಹಲವು ವರ್ಷ! ಈ ಅಂತರವೇ ಇಂದು ರಹಸ್ಯ ಸಂದೇಶಗಳ ಬೀಗ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ರೂಪಿಸಿದ ಗೂಢಲಿಪಿ ನಿಂತಿರುವುದು ದೊಡ್ಡ ಸಂಖ್ಯೆಯನ್ನು ಬಿಡಿಸುವುದು ಕಷ್ಟ ಎಂಬ ನಂಬಿಕೆಯ ಮೇಲೆ. ಯಾವುದೇ ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ನಿಶ್ಚಯಿಸುವ ದಕ್ಷ ವಿಧಾನವನ್ನು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಅದು ಕೂಡ ಅಪವರ್ತನಗಳನ್ನು ಹುಡುಕಿ ಕೊಡುವುದಿಲ್ಲ. ಕೋಲ್ ಬಿಡಿಸಿದ ಸಂಖ್ಯೆಯನ್ನು ಇಂದಿನ ಕಂಪ್ಯೂಟರ್ ಕ್ಷಣದಲ್ಲಿ ಬಿಡಿಸುತ್ತದೆ. ಆದರೆ ಅಂಕಿಗಳು ಕೆಲವು ನೂರಾದರೆ ಸಾಕು, ಅದೂ ಲೂಕಾನ ಸ್ಥಿತಿಗೇ ಬರುತ್ತದೆ: ಬೀಗಕ್ಕೆ ಕೀಲಿ ಇದೆಯೆಂದು ಗೊತ್ತು, ಕೀಲಿ ಕೈಯಲ್ಲಿಲ್ಲ.