ಅಪ್ಪನ ಉಪ್ಪೆಸರು ಎಲ್ಲಿ ಹೋಯ್ತು?

ಬೆಳಿಗ್ಗೆ ಹತ್ತು ಗಂಟೆ. ಆಫೀಸಿನ ಮೀಟಿಂಗ್ ಇನ್ನೇನು ಶುರು ಅನ್ನುವಾಗ ಅರಕೆರೆಯಿಂದ ಅಪ್ಪನ ಫೋನು. ‘ಏನವ್ವ, ನಿಂಗೇನಾದ್ರೂ ಒಟಿಪಿ ಬಂತಾ? ಈ ಆಪು ನನ್ನ ಒಳಕ್ಕೇ ಬಿಡ್ತಿಲ್ಲ ಕಣವ್ವ.’

ಅಪ್ಪನಿಗೆ ಶುಗರ್ ಬಂದು ಎರಡು ವರ್ಷ. ನಾನಿರೋದು ಬೆಂಗಳೂರಲ್ಲಿ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ದೂರದಿಂದ ಅವರ ಊಟ ನೋಡಿಕೊಳ್ಳೋಕೆ ಅಂತ ಒಂದು ಆನ್‌ಲೈನ್ ಡಯಟ್ ಸೇವೆಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೆ. ಅದರ ಪಟ್ಟಿಯಲ್ಲಿ ಓಟ್ಸ್ ಇತ್ತು, ಕ್ವಿನೋವಾ ಇತ್ತು, ಉಪ್ಪೆಸರು ಇರಲಿಲ್ಲ. ಮಂಡ್ಯ ಕಡೆಯವರಿಗೆ ಉಪ್ಪೆಸರಿಲ್ಲದ ಪಟ್ಟಿ ಯಾಕೆ ಹೇಳಿ! ‘ನಿಮ್ಮದೇ ಅಡುಗೆ ಸೇರಿಸಿ’ ಅನ್ನೋ ಜಾಗದಲ್ಲಿ ನಾನೂ ಅಪ್ಪನೂ ಕೂತು ಉಪ್ಪೆಸರು, ಹುರುಳಿಕಾಳು ಬಸ್ಸಾರು, ಅರ್ಧ ಮುದ್ದೆ, ಮುಕ್ಕಾಲು ಮುದ್ದೆ ಎಲ್ಲ ಕನ್ನಡದಲ್ಲೇ ತುಂಬಿದ್ದೆವು. ಗೋಡೆ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್‌ನಲ್ಲಿ ಶುಗರ್ ಬರೆಯುತ್ತಿದ್ದ ಅಪ್ಪನಿಗೆ, ‘ಫೋನಲ್ಲೇ ಇರುತ್ತಲ್ಲಪ್ಪ, ಎರಡೆರಡು ಕಡೆ ಯಾಕೆ?’ ಅಂದು ಅದನ್ನು ಬಿಡಿಸಿದ್ದೂ ನಾನೇ.

ಹೇಗೋ ಒಟಿಪಿ ಹೇಳಿ ಒಳಗೆ ಕಳಿಸಿದೆ. ಸೈಟು, ಆಪು ಎರಡಕ್ಕೂ ರಾತ್ರೋರಾತ್ರಿ ಹೊಸ ರೂಪ ಕೊಟ್ಟಿದ್ದರು. ಚಂದದ ಬಣ್ಣ, ನೀರು ಕುಡಿದರೆ ಚಪ್ಪಾಳೆ. ಆದರೆ ಶುಗರ್ ಗ್ರಾಫ್ ‘ಇಂದಿನಿಂದ’ ಶುರು. ಉಪ್ಪೆಸರಿದ್ದ ಕಡೆ ‘????????’. ಅಪ್ಪ ಕೇಳಿದರು, ‘ಇದೇನವ್ವ, ನಾನು ಏನು ತಿಂದೆ ಅಂತ ನನ್ನನ್ನೇ ಕೇಳ್ತದೆ?’

ನಗು ಬಂತು, ಹೊಟ್ಟೆಯೂ ಉರೀತು. ಈ ಪ್ರಶ್ನಾರ್ಥಕ ಚಿಹ್ನೆಗಳ ಗುಟ್ಟು ನನ್ನ ಕಸುಬಿನವರಿಗೆಲ್ಲ ಗೊತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ಆದರೆ ಹಳೇ ಡೇಟಾವನ್ನು ಹೊಸ ಕಡೆಗೆ ಸಾಗಿಸುವಾಗ, ಇಂಗ್ಲಿಷ್ ಅಕ್ಷರ ಮಾತ್ರ ಬಲ್ಲ ಒಂದು ಕೊಂಡಿ ನಡುವೆ ಸಿಕ್ಕಿದರೂ ಸಾಕು, ಅದು ಗುರುತು ಹಿಡಿಯದ ಪ್ರತಿ ಅಕ್ಷರವೂ ‘?’ ಆಗುತ್ತೆ. ಒಮ್ಮೆ ಹಾಗೆ ಸೇವ್ ಆದರೆ ಮುಗೀತು, ಹಳೇ ಬ್ಯಾಕಪ್ ಇಲ್ಲದೆ ವಾಪಸ್ ತರೋಕಾಗಲ್ಲ. ಕನ್ನಡದಲ್ಲಿ ಬರೆದ ಒಂದೇ ಒಂದು ಖಾತೆಯನ್ನು ಮೊದಲೇ ಪರೀಕ್ಷಿಸಿದ್ದರೂ ಸಿಕ್ಕಿಬೀಳುತ್ತಿದ್ದ ತಪ್ಪು ಇದು ಅಂತ ನನ್ನ ಅನುಮಾನ. (ನಮ್ಮ ಟೀಮೂ ಇಂಥದ್ದನ್ನು ಅವಸರದಲ್ಲಿ ಬಿಟ್ಟಿದ್ದುಂಟು.)

ದೊಡ್ಡವರೂ ಇಲ್ಲಿ ಎಡವಿದ್ದಾರೆ. ನಮ್ಮ ಬೆಂಗಳೂರಿನ ಇನ್ಫೋಸಿಸ್ ಕಟ್ಟಿದ ಆದಾಯ ತೆರಿಗೆ ಪೋರ್ಟಲ್ 2021ರ ಜೂನ್ 7ಕ್ಕೆ ಶುರುವಾದಾಗ ಲಾಗಿನ್ ಆಗೋದೇ ಕಷ್ಟ ಆಗಿತ್ತು, ನೆನಪಿದೆಯಾ? ಆಗಸ್ಟ್‌ನಲ್ಲಿ ಕಂಪನಿಯ ಸಿಇಒ ಅವರನ್ನೇ ಹಣಕಾಸು ಸಚಿವಾಲಯ ಕರೆಸಿತು. ರಿಟರ್ನ್ ಸಲ್ಲಿಸುವ ಗಡುವು ಡಿಸೆಂಬರ್ 31ರವರೆಗೆ ಹೋಯಿತು. ಬ್ರಿಟನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ 2014ರಲ್ಲಿ ಹೊಸ ಸೈಟ್ ತಂದು, ಹಳೇ ಗಿರಾಕಿಗಳೂ ಮತ್ತೆ ನೋಂದಾಯಿಸಿಕೊಳ್ಳಬೇಕು ಅಂದಿತು. ಆ ಬೇಸಿಗೆಯ ತ್ರೈಮಾಸಿಕದಲ್ಲಿ ಅದರ ಆನ್‌ಲೈನ್ ಮಾರಾಟ ಶೇ 8.1ರಷ್ಟು ಕುಸಿಯಿತು.

ನಮ್ಮ ಡಯಟ್‌ನವರ ಚಾಟ್‌ಬಾಟ್ ಮಾತ್ರ ‘ನಿಮ್ಮ ಹೊಸ ಪಯಣಕ್ಕೆ ಸ್ವಾಗತ’ ಅಂತಲೇ ಹಾಡುತ್ತಿತ್ತು. ಸಾಕು, ಬಿಡೋಣ ಅಂದ್ರೆ ರದ್ದು ಮಾಡುವ ಬಟನ್ನೇ ಇಲ್ಲ! ನೀವೂ ಹೀಗೆ ಸಿಕ್ಕಿಕೊಂಡಿದ್ರೆ ಕೇಳಿ: ಯುಪಿಐ ಆಟೋಪೇ ಆಗಿದ್ದರೆ ಕಂಪನಿಯ ದಾರಿ ಕಾಯಬೇಕಿಲ್ಲ. ನಿಮ್ಮ ಯುಪಿಐ ಆಪ್‌ನ ಆಟೋಪೇ ಭಾಗಕ್ಕೆ ಹೋಗಿ ನೀವೇ ರದ್ದು ಮಾಡಬಹುದು. ದುಡ್ಡು ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಮೆಸೇಜ್ ಬರಬೇಕು ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ. ಆ ಮೆಸೇಜನ್ನು ಸ್ವೈಪ್ ಮಾಡಿ ತೆಗೆಯಬೇಡಿ. ಬಿಟ್ಟು ಹೋಗಲು ದಾರಿ ಮುಚ್ಚುವ ಈ ಚಾಳಿಗೆ ‘ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್’ ಅಂತ ಹೆಸರು. 2023ರ ನವೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಪಟ್ಟಿ ಮಾಡಿದ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ ಇದೂ ಒಂದು. ದೂರು ಕೊಡೋಕೆ ಗ್ರಾಹಕ ಸಹಾಯವಾಣಿ 1915 ಇದೆ.

ದುಡ್ಡೇನೋ ನಿಂತಿತು. ಆದರೆ ಮಂಗಳವಾರ ಮಂಡ್ಯದ ಡಾಕ್ಟರು ಮೂರು ತಿಂಗಳ ಲೆಕ್ಕ ತನ್ನಿ ಅಂದಿದ್ದರಲ್ಲ? ಮಾತ್ರೆ ಹೆಚ್ಚಿಸೋದೋ ಬೇಡವೋ ಅಂತ ಅದನ್ನೂ ನೋಡಿಯೇ ಹೇಳ್ತೀನಿ ಅಂದಿದ್ದರು. ಕ್ಯಾಲೆಂಡರ್ ಹಿಂದೆ ನೋಡಿದರೆ, ನಾನು ಬೇಡ ಅಂದ ದಿನದಿಂದ ಖಾಲಿ.

ಭಾನುವಾರ ಊರಿಗೆ ಹೋದೆ. ಮನೆಯ ಗ್ಲುಕೋಮೀಟರ್‌ನಲ್ಲೂ ಮೆಮೊರಿ ಇರುತ್ತೆ ಅನ್ನೋದು ಬಸ್ಸಿನಲ್ಲಿ ಹೊಳೆದಿತ್ತು. ತೆಗೆದು ನೋಡಿದರೆ ಅದರ ತಾರೀಖು 2019ರಲ್ಲಿತ್ತು, ಯಾರೂ ಸರಿಮಾಡಿರಲಿಲ್ಲ. ಪರವಾಗಿಲ್ಲ, ದಿನಗಳ ನಡುವಿನ ಅಂತರ ಸರಿಯಾಗಿತ್ತು. ಆವತ್ತು ಬೆಳಿಗ್ಗೆಯ ಸಂಖ್ಯೆಯಿಂದ ಹಿಂದಕ್ಕೆ ಎಣಿಸುತ್ತಾ ಜಗಲಿ ಮೇಲೆ ಕೂತು ಒಂದೊಂದೇ ಬರೆದುಕೊಂಡೆ. ಏನು ತಿಂದಿದ್ದರು ಅನ್ನೋದನ್ನು ಅಪ್ಪ ನೆನಪಿನಿಂದಲೇ ಹೇಳುತ್ತಾ ಹೋದರು.

‘ಈ 268 ಯಾವತ್ತಿಂದಪ್ಪ?’

ಅಪ್ಪ ಸೂರು ನೋಡಿದರು. ‘ಅದಾ... ಆಲೆಮನೆ ತಾವ ಹೋಗಿದ್ದೆ ಕಣವ್ವ. ಒಂದು ಲೋಟ ಕಬ್ಬಿನಹಾಲು ಕೊಟ್ರು. ಬ್ಯಾಡ ಅನ್ನಕಾಯ್ತದಾ?’

‘ಎರಡು ಲೋಟ’ ಅಂದರು ಅಮ್ಮ, ಒಳಗಿನಿಂದಲೇ.

ಎರಡು ಅಂತಲೇ ಬರೆದುಕೊಂಡೆ.