ಗಾಂಜಾ ಕಾನೂನುಬದ್ಧವಾಗಿ ಎಲ್ಲಿ ಸಿಗುತ್ತದೆ? ಪೊಳ್ಳಾಚಿಯಲ್ಲಂತೂ ಇಲ್ಲ

ಪೊಳ್ಳಾಚಿ: ಪ್ಯಾಕೆಟ್ ಮೇಲೆ ಹಿಂದಿ ಅಕ್ಷರ, ‘ಆಯುರ್ವೇದ ಔಷಧಿ’ ಎಂಬ ಮಾತು, ಜತೆಗೊಂದು ಲೈಸೆನ್ಸ್ ನಂಬರು. ಒಳಗೆ ಕಂದು ಬಣ್ಣದ ಉಂಡೆ. ಕೊಯಮತ್ತೂರು, ತಿರುಪ್ಪೂರು ಕಡೆ ಪೊಲೀಸರು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಹಿಡಿದಿರುವ ‘ಗಾಂಜಾ ಚಾಕೊಲೇಟ್’ ಹೆಚ್ಚಾಗಿ ಇಂಥದ್ದೇ. ಉತ್ತರದ ಊರುಗಳಲ್ಲಿ ಅಂಗಡಿಯಲ್ಲೇ ಮಾರುತ್ತಾರೆ, ಇಲ್ಲೇಕೆ ಕೇಸು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ.

ಉತ್ತರ ಇರುವುದು 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ. ಗಿಡದ ಹೂವು, ಕಾಯಿಯ ತುದಿ ಅದರ ಪ್ರಕಾರ ಗಾಂಜಾ, ಅಂಟು ಚರಸ್. ತುದಿ ಸೇರದ ಬರೀ ಎಲೆ ಮತ್ತು ಬೀಜ ಈ ವ್ಯಾಖ್ಯೆಯಿಂದ ಹೊರಗೆ. ಆ ಎಲೆಯಿಂದ ಆಗುವುದೇ ಭಂಗಿ. ಅದರ ವಿಷಯ ರಾಜ್ಯಗಳಿಗೆ ಬಿಟ್ಟದ್ದು. ಉತ್ತರ ಪ್ರದೇಶ, ರಾಜಸ್ಥಾನದಲ್ಲಿ ಸರಕಾರದ ಲೈಸೆನ್ಸ್ ಪಡೆದ ಭಂಗಿ ಅಂಗಡಿಗಳಿವೆ. ತಮಿಳುನಾಡಿನಲ್ಲಿ 1937ರ ಪಾನನಿಷೇಧ ಕಾಯ್ದೆಯೇ ಭಂಗಿಯನ್ನೂ ಮಾದಕ ವಸ್ತುಗಳ ಸಾಲಿಗೆ ಸೇರಿಸಿದೆ. ವಾರಾಣಸಿಯ ಬಿಲ್ಲು ಪೊಳ್ಳಾಚಿ ಬಸ್ ಸ್ಟ್ಯಾಂಡಿನಲ್ಲಿ ನಡೆಯುವುದಿಲ್ಲ. ಇನ್ನು ಗಾಂಜಾ, ಚರಸ್ ಮಾತಿಗೆ ಬಂದರೆ ಗೋಪಾಲಪುರಂ, ಮೀನಾಕ್ಷಿಪುರಂ ಚೆಕ್‌ಪೋಸ್ಟ್ ದಾಟಿ ಕೇರಳಕ್ಕೆ ಹೋದರೂ ಅದೇ ಕೇಂದ್ರ ಕಾಯ್ದೆ.

2022ರಲ್ಲಿ ಕರ್ನಾಟಕ ಹೈಕೋರ್ಟ್ ಭಂಗಿ ಕೇಸಿನ ಆರೋಪಿಯೊಬ್ಬನಿಗೆ ಜಾಮೀನು ಕೊಟ್ಟಿತು. ‘ಭಂಗಿ ಲೀಗಲ್ ಆಯಿತಂತೆ’ ಎಂದು ಸುದ್ದಿ ಹಬ್ಬಿತು. ಕೊಟ್ಟದ್ದು ಜಾಮೀನು, ಮಾರಾಟದ ಪರವಾನಗಿಯಲ್ಲ.

ಚಾಕೊಲೇಟಿನಲ್ಲಿ ಇನ್ನೊಂದು ಸಿಕ್ಕು ಇದೆ. ಒಳಗಿರುವುದು ಬರೀ ಎಲೆಯೋ, ಗಾಂಜಾ ಅಥವಾ ಚರಸ್ಸೋ ಎಂಬುದು ಲ್ಯಾಬ್ ವರದಿ ಬಂದ ಮೇಲೆಯೇ ಗೊತ್ತಾಗುವುದು. ಬೆರೆಸಿದ ಮಾಲಿನ ಪೂರ್ತಿ ತೂಕವನ್ನೇ ಲೆಕ್ಕ ಹಿಡಿಯಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಸಕ್ಕರೆಯ ತೂಕವೂ ಆರೋಪಿಯ ತಲೆ ಮೇಲೆ! ಗಾಂಜಾಕ್ಕೆ ‘ಸಣ್ಣ ಪ್ರಮಾಣ’ದ ಮಿತಿ 1 ಕಿಲೋ, ಚರಸ್‌ಗೆ 100 ಗ್ರಾಂ ಮಾತ್ರ. ಅದರೊಳಗಾದರೆ ಒಂದು ವರ್ಷದವರೆಗೆ ಜೈಲು, ಮೀರಿದರೆ ಹತ್ತು ವರ್ಷದವರೆಗೆ. 20 ಕಿಲೋ ಗಾಂಜಾ ಅಥವಾ 1 ಕಿಲೋ ಚರಸ್ ದಾಟಿತೋ, ಕನಿಷ್ಠವೇ ಹತ್ತು ವರ್ಷ. ಜಾಮೀನೂ ಸುಲಭವಲ್ಲ. ಗೊತ್ತಿದ್ದೂ ತನ್ನ ಜಾಗ ಇಲ್ಲವೇ ಗಾಡಿಯನ್ನು ಇದಕ್ಕೆ ಬಿಟ್ಟುಕೊಟ್ಟವರೂ ಸಿಕ್ಕಿಬೀಳುತ್ತಾರೆ. ಶೆಡ್ ಬಾಡಿಗೆಗೆ ಕೊಡುವ ತೋಟದವರು ಇದನ್ನು ಗಮನಿಸಬೇಕು.

ಹಾಗಾದರೆ ಕಾನೂನಿನ ಒಳಗೆ ಸಿಗುವುದೇನು? ಒಂದು, ಬೀಜ. ಅದನ್ನೂ ಅದರ ಎಣ್ಣೆ, ಹಿಟ್ಟನ್ನೂ ಆಹಾರವಾಗಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಒಪ್ಪಿದೆ, ಅದರಲ್ಲಿ ಅಮಲಿಲ್ಲ. ತಿನ್ನಬಹುದು, ಬಿತ್ತುವಂತಿಲ್ಲ. ಲೈಸೆನ್ಸ್ ಇಲ್ಲದೆ ಹಿತ್ತಲಲ್ಲಿ ಗಿಡ ಬೆಳೆಸಿದರೂ ಹತ್ತು ವರ್ಷದವರೆಗೆ ಶಿಕ್ಷೆ ಆಗಬಹುದು. ಎರಡು, ವೈದ್ಯರು ಬರೆದುಕೊಡುವ ‘ವಿಜಯಾ’ ಸೇರಿದ ಆಯುರ್ವೇದ ಔಷಧಿ. ಭಂಗಿ ಔಷಧಿ ನಿಯಮಗಳ ವಿಷವಸ್ತು ಪಟ್ಟಿಯಲ್ಲೇ ಇದೆ; ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಿ ಎಂದು ಲೇಬಲ್ ಮೇಲೆ ಬರೆಯಲೇಬೇಕು. ಪೆಟ್ಟಿ ಅಂಗಡಿ ಉಂಡೆಗೆ ಯಾವ ವೈದ್ಯರು?

ಸೇದುವುದಕ್ಕಿಂತ ತಿನ್ನುವುದು ಸಲೀಸು ಎಂಬ ನಂಬಿಕೆ ಮೋಸದ್ದು. ತಿಂದದ್ದು ತಲೆಗೇರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲವೆಂದು ಇನ್ನೊಂದು ಬಾಯಿಗೆ ಹಾಕುತ್ತಾರೆ. ಆಮೇಲೆ ಎರಡೂ ಒಟ್ಟಿಗೆ ಏರಿ ಎದೆ ಬಡಿತ, ವಿಪರೀತ ಭಯ, ವಾಂತಿ. ಚಿಕ್ಕ ಮಕ್ಕಳು ಮಿಠಾಯಿ ಎಂದು ತಿಂದರೆ ಪ್ರಜ್ಞೆ ತಪ್ಪಬಹುದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹರೆಯದಲ್ಲಿ ಶುರುಮಾಡಿ ದಿನವೂ ಬಳಸುವವರಲ್ಲಿ ಚಿತ್ತವಿಕಲತೆಯ ಅಪಾಯ ಹೆಚ್ಚು, ಮನೆತನದಲ್ಲಿ ಆ ಕಾಯಿಲೆ ಇದ್ದರೆ ಇನ್ನೂ ಹೆಚ್ಚು. ಬಳಸುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಚಟ ಹತ್ತುತ್ತದೆ.

ವಿದೇಶಕ್ಕೆ ಹೋಗುವವರಿಗೂ ಒಂದು ಮಾತು. ಕೆನಡಾದಲ್ಲಿ 2018ರಿಂದ ಅಂಗಡಿಯಲ್ಲೇ ಕೊಳ್ಳಬಹುದು. ಸಿಂಗಾಪುರದಲ್ಲಿ 500 ಗ್ರಾಂಗಿಂತ ಹೆಚ್ಚು ಸಾಗಿಸಿದರೆ ಮರಣದಂಡನೆ. ಥಾಯ್ಲೆಂಡ್ 2022ರಲ್ಲಿ ಬಾಗಿಲು ತೆರೆದು 2025ರಲ್ಲಿ ವೈದ್ಯರ ಚೀಟಿ ಬೇಕೆಂದಿತು.

ಚಟಕ್ಕೆ ಬಿದ್ದವರು ಕೇಸಿಗೆ ಹೆದರಿ ಚಿಕಿತ್ಸೆಗೆ ಹಿಂಜರಿಯುವುದುಂಟು. ತಾವಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದು ಪೂರೈಸಿದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸಿನಿಂದ ಅದೇ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446.